ಹಾಸ್ಯಕಂದುಕ ಮೀಮಾಂಸೆ

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತಮುನಿಯು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಕೆನ್ನೆ ತುಸುವೇ ಅರಳಿ ಹಲ್ಲು ಕಾಣದ ಸ್ಮಿತವನ್ನೂ ಹಲ್ಲು ಕಿಂಚಿತ್ತಾಗಿ ಕಾಣುವ ಹಸಿತವನ್ನೂ ಉತ್ತಮ ಪ್ರಕೃತಿಯವರಿಗೆ, ವಿಹಸಿತ ಉಪಹಸಿತಗಳನ್ನು ಮಧ್ಯಮರಿಗೆ, ಹೊತ್ತುಗೊತ್ತಿಲ್ಲದೆ ಹೊರಡುವ ಅಪಹಸಿತವನ್ನೂ ಪಕ್ಕೆ ಹಿಡಿದುಕೊಂಡು ಅಬ್ಬರಿಸುವ ಅತಿಹಸಿತವನ್ನೂ ಅಧಮರಿಗೆ ಹಂಚಿಕೊಟ್ಟಿರುವುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಆದರೆ ಈ ವಿಭಜನೆಯಿಂದ ಸಾಕ್ಷಾತ್ ಉಪಕೃತನಾಗುವವನು ಯಾರೆಂಬ ಪ್ರಶ್ನೆ ಬಹುಕಾಲ ನಮ್ಮನ್ನು ಕಾಡಿತ್ತು. ಇಂದಿರಾನಗರದ ಕಾಫಿ ಅಂಗಡಿಯೊಂದರ ಮಹಡಿಯಲ್ಲಿ, ಶನಿವಾರ ಸಂಜೆಯ ಓಪನ್ ಮೈಕಿನಲ್ಲಿ, ಹವ್ಯಾಸಿ ಹಾಸ್ಯಗಾರನೊಬ್ಬನನ್ನು ಕಂಡ ಮೇಲೆ ಅದು ತಾನಾಗಿ ಪರಿಹಾರವಾಯಿತು.

ವಾರದ ಐದು ದಿನ ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬರೆದು ಜೀವಿಸುವ ಈ ಮಹಾಶಯನಿಗೆ ರಂಗದ ಮೇಲೆ ಐದು ನಿಮಿಷಗಳ ಅವಕಾಶವುಂಟು. ನಾಲ್ಕನೆಯ ನಿಮಿಷ ಮುಗಿಯುತ್ತಲೇ ಹಿಂದಿನ ಸಾಲಿನಿಂದ ಮೊಬೈಲಿನ ಟಾರ್ಚು ಮಿನುಗುತ್ತದೆ. ಪರಿಭಾಷೆಯಲ್ಲಿ ಇದಕ್ಕೆ ‘ಲೈಟು ಕೊಡುವುದು’ ಎಂದು ಹೆಸರು. ಸಿಲ್ಕ್ ಬೋರ್ಡ್ ವೃತ್ತದ ವಾಹನದಟ್ಟಣೆ, ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಮನೆಯೊಡೆಯ, ಮದುವೆಯ ಮಾತೆತ್ತುವ ಅತ್ತೆ ಎಂಬ ಸನಾತನ ವಿಭಾವಗಳನ್ನು ಆತನು ಕ್ರಮವಾಗಿ ನಿರೂಪಿಸಿದನು. ಸಭಾಸದರಲ್ಲಿ ಬಹುಪಾಲು ತಂತಮ್ಮ ಸರದಿಗಾಗಿ ಕಾದಿದ್ದ ಇತರ ಹಾಸ್ಯಗಾರರೇ ಆಗಿದ್ದು, ಅವರೆಲ್ಲರೂ ಮನಸ್ಸಿನೊಳಗೆ ಸ್ವಂತ ಪಂಚ್‌ಲೈನುಗಳನ್ನು ಜಪಿಸುತ್ತಿದ್ದುದರಿಂದ ಪರರ ಹಾಸ್ಯವು ಅವರ ಕಿವಿಗಳನ್ನು ಪ್ರವೇಶಿಸಲು ಅವಕಾಶ ಸಾಲದಾಯಿತು. ಹಲ್ಲು ಯಾರದೂ ಕಾಣಲಿಲ್ಲ. ಮೆಟ್ಟಿಲಿಳಿಯುವಾಗ ಆತನು ಪ್ರಕಟಿಸಿದ ಅಭಿಪ್ರಾಯವಾದರೋ ಶಾಸ್ತ್ರಸಮ್ಮತವಾಗಿಯೇ ಇತ್ತು: ಅಂದಿನ ಪ್ರೇಕ್ಷಕರೆಲ್ಲರೂ ಉತ್ತಮ ಪ್ರಕೃತಿಯವರು.

ಇನ್ನು ಕಂದುಕಪ್ರಕರಣ. ಬೆಂಗಳೂರಿಗೂ ಫುಟ್ಬಾಲಿಗೂ ಇರುವ ನಂಟು ಲಘುವಾದುದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಬಹುಮಂದಿ ಬರಿಗಾಲಿನಲ್ಲೇ ಆಡಿದ ಭಾರತ ತಂಡವು ಎರಡು ಪೆನಾಲ್ಟಿಗಳನ್ನು ವ್ಯರ್ಥಗೊಳಿಸಿ ಫ್ರಾನ್ಸಿಗೆ 2–1ರಿಂದ ಸೋತಾಗ, ನಮ್ಮ ಆ ಒಂದು ಗೋಲನ್ನು ಹೊಡೆದವರು ಈ ಊರಿನ ಸಾರಂಗಪಾಣಿ ರಾಮನ್. ನಮ್ಮ ಹಾಸ್ಯಗಾರನಿಗಾದರೋ ದುಬಾರಿ ಬೂಟುಗಳಿದ್ದವು. ಭಾನುವಾರ ಬೆಳಗ್ಗೆ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಟರ್ಫಿನ ಮೇಲೆ, ಐದೈದು ಮಂದಿಯ ಪಂದ್ಯದಲ್ಲಿ (ಇದರಲ್ಲಿ ಆಫ್‌ಸೈಡ್ ಇಲ್ಲವೆಂಬುದನ್ನು ಓದುಗರು ದಯಮಾಡಿ ನೆನಪಿಡತಕ್ಕದ್ದು) ಗೋಲಿಯೂ ಇಲ್ಲದ ಗೋಲಿನ ಮುಂದೆ ಚೆಂಡು ತಾನಾಗಿ ಬಂದು ನಿಂತಿರಲಾಗಿ, ಆತನು ಸರ್ವಶಕ್ತಿಯಿಂದ ಪಾದವನ್ನು ಬೀಸಿದನು; ಪಾದವು ವಾಯುವನ್ನು ಭೇದಿಸಿ ಮುಂದುವರಿಯಿತು, ದೇಹವು ಪಾದವನ್ನು ಅನುಸರಿಸಿತು, ಚೆಂಡು ಮಾತ್ರ ಇದ್ದಲ್ಲಿಯೇ ಇದ್ದಿತು. ಆಗ ಒಂಬತ್ತು ಮಂದಿ ಆಟಗಾರರಲ್ಲಿ ಸ್ಮಿತದಿಂದ ಅತಿಹಸಿತದವರೆಗಿನ ಆರು ಸೋಪಾನಗಳೂ ಕ್ಷಣಾರ್ಧದಲ್ಲಿ ಆವಿರ್ಭವಿಸಿದುವಲ್ಲದೆ, ಗೋಡೆಯಾಚೆ ಟೀ ಮಾರುತ್ತಿದ್ದವನು ಸಹ ಪಕ್ಕೆ ಹಿಡಿದುಕೊಂಡನು. ಮೈಕಿಲ್ಲದೆ, ಅತ್ತೆಯಿಲ್ಲದೆ, ಯಾರೂ ಲೈಟು ಕೊಡದೆ ರಸನಿಷ್ಪತ್ತಿ ಆಗಿಹೋಗಿತ್ತು.

ತಾನು ನಗುವುದು ಆತ್ಮಸ್ಥ, ಪರರನ್ನು ನಗಿಸುವುದು ಪರಸ್ಥ ಎಂದು ಮುನಿಯ ಮತ. ತನಗೆ ಲೇಶಮಾತ್ರವೂ ನಗು ಬಾರದಿರುವಾಗ ಪರರೆಲ್ಲ ನಗುವ ಈ ಮೂರನೆಯ ಪ್ರಭೇದಕ್ಕೆ ನಾವು ‘ಟರ್ಫಸ್ಥ’ವೆಂದು ನಾಮಕರಣ ಮಾಡಲು ಇಚ್ಛಿಸುತ್ತೇವೆ, ಪಂಡಿತರು ಆಕ್ಷೇಪಿಸುವುದಾದರೆ ಮೊದಲು ಒಮ್ಮೆ ಬಿದ್ದು ನೋಡಲಿ.

ಕಲಾವಿದನೆಂಬವನು ನಷ್ಟವನ್ನು ಬಂಡವಾಳವಾಗಿಸದೆ ಬಿಡುವನಲ್ಲ. ಅಂದು ಸಂಜೆ ಕಂಠೀರವ ಕ್ರೀಡಾಂಗಣದಲ್ಲಿದ್ದ ಪಂದ್ಯದ ಟಿಕೆಟ್ಟನ್ನು ಸಹೋದ್ಯೋಗಿಗೆ ದಾನಮಾಡಿ, ಬೇರೊಂದು ಮಹಡಿಯ ಬೇರೊಂದು ಮೈಕಿನ ಮುಂದೆ ನಿಂತು ಆತನು ಬೆಳಗಿನ ಪತನವನ್ನು ಉಪೋದ್ಘಾತಸಮೇತ ವರ್ಣಿಸಲಾರಂಭಿಸಿದನು. ಟರ್ಫಿನ ಬಾಡಿಗೆ, ಬೂಟಿನ ಬೆಲೆ, ಗೆಳೆಯರ ಸ್ವಭಾವ ಎಲ್ಲವೂ ಸಾಂಗವಾಗಿ ಬಂದುವು. ಸಭೆಯು ಮತ್ತೆ ಉತ್ತಮ ಪ್ರಕೃತಿಯದಾಗಿತ್ತು. ಚೆಂಡು ಇನ್ನೂ ಕಾಲ ಬಳಿಗೆ ಬಂದಿರಲಿಲ್ಲ, ಅಷ್ಟರಲ್ಲಿ ಬೆಳಗ್ಗೆ ಜೊತೆಗೆ ಆಡಿದ್ದ ಗೆಳೆಯನೊಬ್ಬನು ಮುಂದಿನದನ್ನು ನೆನೆದು ಮೂರನೆಯ ಸಾಲಿನಿಂದ ಗಟ್ಟಿಯಾಗಿ ನಕ್ಕುಬಿಟ್ಟನು. ಇದು ಭರತನ ಪ್ರಕಾರ ಅಸ್ಥಾನದಲ್ಲಿ ಹುಟ್ಟಿದ ಅಪಹಸಿತ. ಫುಟ್ಬಾಲಿನ ಹನ್ನೊಂದನೆಯ ನಿಯಮದ ಪ್ರಕಾರ, ಚೆಂಡಿಗಿಂತಲೂ ಕಾವಲುಗಾರರಿಗಿಂತಲೂ ಮುಂದೆ ಹೋಗಿ ನಿಂತಿದ್ದ ಸ್ವಪಕ್ಷದವನ ಸಾಧನೆಯಾದ್ದರಿಂದ, ಆ ವಾರಾಂತ್ಯದಲ್ಲಿ ರಂಗದ ಮೇಲೆ ದೊರೆತ ಏಕೈಕ ನಗೆಯನ್ನು ಆಫ್‌ಸೈಡ್ ಎಂದು ಬರೆದುಕೊಳ್ಳದೆ ನಮಗೆ ವಿಧಿಯಿಲ್ಲ.