ತಮಾಷೆಗೆ ಮಾರಾಯ್ರೆ

ನಮ್ಮ ಬೀದಿಯ ರಾಯರಿಗೆ ವರ್ಷಕ್ಕೆರಡು ಸಲ ಜ್ವರ ಏರುತ್ತದೆ. ಒಮ್ಮೆ ಅಷ್ಟಮಿಗೆ, ಇನ್ನೊಮ್ಮೆ ಮಾರ್ನೆಮಿಗೆ. ಥರ್ಮಾಮೀಟರಿಗೆ ಸಿಗುವ ಜ್ವರವಲ್ಲ ಅದು. ಉಡುಪಿಯ ರಥಬೀದಿಯ ಕಡೆಯಿಂದ ತಾಸೆಯ ಮೊದಲ ಪೆಟ್ಟು ಕೇಳಿದರೆ ಸಾಕು, ರಾಯರು ಪಂಚೆ ಎತ್ತಿ ಕಟ್ಟಿ ಗೇಟಿಗೆ ಬರುತ್ತಾರೆ. “ಈಗ ಎಂತ ವೇಷ ಮಾರಾಯ್ರೆ? ಬಣ್ಣ ಹಚ್ಚುವ ಮೊದಲು ವಕೀಲರನ್ನು ಕೇಳ್ಬೇಕು. ಅವನಿಗೆ ನೋವು, ಇವನಿಗೆ ನೋವು. ನಾವೆಲ್ಲ ಸಣ್ಣವರಿರುವಾಗ ಯಾರಿಗೂ ನೋವೇ ಇರ್ಲಿಲ್ಲ!”

ನೋವಿಲ್ಲದ ಆ ಸುವರ್ಣಯುಗದ ಪ್ರತಿನಿಧಿಗಳು ಊರೂರಿಗೂ ಇದ್ದಾರೆ. ಬೇರೆ ಕಡೆ ಅವರು ನಿವೃತ್ತ ಎಂಜಿನಿಯರೋ ಹೆಡ್‌ಮಾಸ್ಟರೋ ಆಗಿರಬಹುದು. ಸಾಲು ಸಾಲು ಬ್ಯಾಂಕುಗಳನ್ನು ಹೆತ್ತ ನಮ್ಮ ಕರಾವಳಿಯಲ್ಲಿ ಅವರು ಸಾಮಾನ್ಯವಾಗಿ ನಿವೃತ್ತ ಮ್ಯಾನೇಜರು. ರಾಯರೂ ಅಷ್ಟೆ. ಅವರ ಬಾಯಲ್ಲಿ ಸದಾ ಇರುವ ಮಾತು, “ಈ ಪೊಲಿಟಿಕಲಿ ಕರೆಕ್ಟು ಅತಿಯಾಯ್ತು.” ಸರ್ವೀಸಿನಲ್ಲಿದ್ದಾಗ ಸಹಿಯಲ್ಲಿ ‘ಶ’ದ ಬಾಲ ಒಂದು ನೂಲಿನಷ್ಟು ಗಿಡ್ಡವಾಯಿತೆಂದು ನನ್ನನ್ನು ಮೂರು ಸಲ ಕೌಂಟರಿನಿಂದ ವಾಪಸು ಅಟ್ಟಿದವರು ಇವರೇ. ಆಗ ಅವರಿಗೆ ಕರೆಕ್ಟು ಅತಿಯಾಗಿ ಕಂಡಿರಲಿಲ್ಲ.

ಮಗ ಟೊರೊಂಟೊದಲ್ಲಿರುವುದರಿಂದ ರಾಯರ ವಾದಕ್ಕೆ ಅಂತಾರಾಷ್ಟ್ರೀಯ ಅಡಿಪಾಯವೂ ಉಂಟು. ಅವರ ಮೆಚ್ಚಿನ ಸಾಕ್ಷಿ ಜಸ್ಟಿನ್ ಟ್ರುಡೊ. ಮೇಷ್ಟ್ರಾಗಿದ್ದಾಗ, 2001ರಲ್ಲಿ, ಶಾಲೆಯ ‘ಅರೇಬಿಯನ್ ನೈಟ್ಸ್’ ಪಾರ್ಟಿಗೆ ಆತ ಮುಖಕ್ಕೆ ಕಂದುಬಣ್ಣ ಬಳಿದು ಮುಂಡಾಸು ಕಟ್ಟಿಕೊಂಡು ಹೋಗಿದ್ದ. ಆ ಫೋಟೊ ಹೊರಬಿದ್ದದ್ದು 2019ರ ಚುನಾವಣೆ ಹೊಸ್ತಿಲಲ್ಲಿರುವಾಗ. ಪ್ರಧಾನಿಯೇ ಕ್ಯಾಮೆರಾ ಮುಂದೆ ನಿಂತು ಕ್ಷಮೆ ಕೇಳಬೇಕಾಯಿತು. “ಕೇಳಿದ, ಆಮೇಲೆ ಗೆದ್ದ! ಜನಕ್ಕೆ ಬೇಸರವೇ ಆಗಿರ್ಲಿಲ್ಲ” ಎಂದು ರಾಯರು ತೊಡೆ ತಟ್ಟುತ್ತಾರೆ. ಗೆದ್ದರೂ ಬಹುಮತ ಕೈಬಿಟ್ಟದ್ದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ಯಾವ ಸಾಲನ್ನು ಮೆಲ್ಲಗೆ ಓದಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ವೇಷಗಳು ಎಲ್ಲಿಗೂ ಹೋಗಿಲ್ಲವಲ್ಲ ರಾಯರೇ ಎಂದು ನಾನೊಮ್ಮೆ ಹೇಳಿ ನೋಡಿದೆ. ಹುಲಿಗಳು ಈಗಲೂ ಮೈಯೆಲ್ಲ ಉರಿಯುವ ಬಣ್ಣ ಹಚ್ಚಿಕೊಂಡು ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಎತ್ತಿ ಎಸೆಯುತ್ತವೆ. ನಮ್ಮ ರವಿ ಕಟಪಾಡಿಯವರು ಅಷ್ಟಮಿಗೆ ಹಾಲಿವುಡ್ಡಿನ ರಾಕ್ಷಸರ ವೇಷ ಹಾಕಿ, ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಲಕ್ಷಗಟ್ಟಲೆ ಕೂಡಿಸಿದ್ದಾರೆ. ಯಾವ ರಾಕ್ಷಸನೂ ಠಾಣೆಗೆ ಹೋಗಿ ದೂರು ಕೊಟ್ಟದ್ದಿಲ್ಲ.

“ಅದು ಸಮಾಜಸೇವೆ. ತಮಾಷೆ ಎಲ್ಲಿ ಬಂತು?” ಎಂದರು.

ಅವರ ತಮಾಷೆ ಎಲ್ಲಿತ್ತೆಂದು ನಮಗೆಲ್ಲ ಗೊತ್ತು. ಅವರು ಹುಡುಗರಾಗಿದ್ದಾಗ ಮಾರ್ನೆಮಿಗೆ ಕರಡಿ ಬರುತ್ತಿತ್ತು, ಪೊಲೀಸು ಬರುತ್ತಿದ್ದ, ಹುಚ್ಚ ಬರುತ್ತಿದ್ದ. ಎಲ್ಲಕ್ಕಿಂತ ಹೆಚ್ಚು ನಗೆ ಕೊರಗ ವೇಷಕ್ಕೆ. ಮೈಗೆಲ್ಲ ಎಣ್ಣೆಯಲ್ಲಿ ಕಲಸಿದ ಮಸಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಸೊಂಟಕ್ಕೆ ಸೊಪ್ಪು, ಬಾಯಲ್ಲಿ ಬೇಕೆಂದೇ ತೊದಲು ಮಾತು. ಕೆಲವರಿಗೆ ಅದು ಹರಕೆಯೂ ಹೌದು. ಮಕ್ಕಳು ಬದುಕದ ಮನೆಯಲ್ಲಿ ಹುಟ್ಟಿದ ಕೂಸಿಗೆ ‘ಕೊರಗ’ ಎಂದೇ ಹೆಸರಿಟ್ಟರೆ ಯಮ ಮುಟ್ಟುವುದಿಲ್ಲ ಎಂಬ ನಂಬಿಕೆ ಇದ್ದ ಸೀಮೆ ಇದು. ಯಮನಿಗೂ ಮಡಿ ಇತ್ತೆಂದು ಕಾಣುತ್ತದೆ.

ನಿಜವಾದ ಕೊರಗರ ಪಾಲಿಗೆ ಬಂದದ್ದು ಅಜಲು. ಕಾಯಿಲೆ ದಾಟಿಸಲೆಂದು ಉಗುರು, ಕೂದಲು ಬೆರೆಸಿದ ಅನ್ನ. ಅದನ್ನು ನಿಲ್ಲಿಸಲು 2000ದಲ್ಲಿ ಸರಕಾರ ಒಂದು ಕಾಯ್ದೆಯನ್ನೇ ತರಬೇಕಾಯಿತು. ಸಮುದಾಯದವರು ದನಿಯೆತ್ತಿದ ಮೇಲೆ ಕೊರಗ ವೇಷಕ್ಕೂ ನಿಷೇಧ ಬಿತ್ತು. ರಾಯರಿಗೆ ಇದೆಲ್ಲ ಗೊತ್ತು. “ಅಜಲು ತಪ್ಪು, ನೂರಕ್ಕೆ ನೂರು ತಪ್ಪು. ಆದರೆ ವೇಷ ಕಲೆಯಲ್ವಾ?”

ಕಲೆಯ ಈ ಆರಾಧಕರನ್ನು ನೀವು 2022ರ ಜನವರಿಯಲ್ಲಿ ನೋಡಬೇಕಿತ್ತು. ವಿಟ್ಲದ ಕಡೆ ಒಬ್ಬ ಮದುಮಗ ಮುಖಕ್ಕೆ ಕಪ್ಪು ಬಳಿದು, ಹಾಳೆಟೊಪ್ಪಿ ಇಟ್ಟು, ಕೊರಗಜ್ಜನನ್ನು ಹೋಲುವ ವೇಷದಲ್ಲಿ ಗೆಳೆಯರೊಟ್ಟಿಗೆ ಕುಣಿಯುತ್ತ ವಧುವಿನ ಮನೆಗೆ ಹೋದ. ವಿಡಿಯೊ ಹರಿದಾಡಿತು, ಕೇಸಾಯಿತು. ರಾಯರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ದೈವಕ್ಕೆ ಅಪಚಾರ, ಗಡೀಪಾರು ಮಾಡಬೇಕು ಎಂದರು. ಅವರ ಕೋಪದಲ್ಲಿ ಭಕ್ತಿ ಎಷ್ಟು, ಮದುಮಗ ಯಾವ ಧರ್ಮದವನೆಂಬುದರ ಪಾಲೆಷ್ಟು, ನಾನು ತೂಗಲು ಹೋಗಲಿಲ್ಲ. ತಮಾಷೆಗೆ ಮಾಡಿದ್ದಂತೆ ಎಂದೆ, ಅಷ್ಟೆ.

“ತಮಾಷೆಗೊಂದು ಮಿತಿ ಬೇಡ್ವಾ?”

ಅದೇ ಮಸಿ, ಅದೇ ಮುಟ್ಟಾಳೆ. ಕೊರಗಜ್ಜನಿಗೆ ನೋವಾಗುತ್ತದೆ, ಕೊರಗನಿಗೆ ಆಗುವುದಿಲ್ಲ. ರಾಯರ ದೇಹಶಾಸ್ತ್ರ ಹಾಗಿದೆ.

ಹೋದ ಅಷ್ಟಮಿಗೆ ಬೀದಿಯ ಮುದ್ದುಕೃಷ್ಣ ಸ್ಪರ್ಧೆಯ ಮೀಟಿಂಗು ನಮ್ಮ ಜಗಲಿಯಲ್ಲಿ ನಡೆಯಿತು. ದೊಡ್ಡವರಿಗೂ ‘ಹಳೇ ಕಾಲದ ವೇಷ’ ಅಂತ ಒಂದು ಸ್ಪರ್ಧೆ ಇಡುವ ಎಂದು ರಾಯರು ಸೂಚಿಸಿದರು. ಹಳೇ ಕಾಲವೆಂದರೆ ಯಾವುದೆಂದು ಎಲ್ಲರಿಗೂ ಅರ್ಥವಾಗಿ ಎಲ್ಲರೂ ಅಂಬಡೆಯ ತಟ್ಟೆಯನ್ನೇ ನೋಡತೊಡಗಿದರು. ಬೀದಿಯ ಕೊನೆಯ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೈಸ್ಕೂಲು ಮೇಷ್ಟ್ರು, ಮಾತು ಕಮ್ಮಿಯ ಹುಡುಗ, ಮೆಲ್ಲಗೆ ಕೇಳಿದರು:

“ಸರ್, ನಿಮ್ಮಲ್ಲಿಗೂ ಕೊರಗ ವೇಷ ಬರ್ತಿತ್ತಾ? ಒಳಗೆ ಕರೀತಿದ್ರಾ?”

“ಛೆ, ವೇಷದಲ್ಲಿರುವಾಗ ಹೇಗೆ ಕರಿಯುವುದು? ಅಂಗಳದಲ್ಲೇ ಕೂತು ಬೇಡಬೇಕು, ಪಾತ್ರ ಅಂದ್ರೆ ಪಾತ್ರ! ಆಮೇಲೆ ಬಾವಿಕಟ್ಟೆಯಲ್ಲಿ ಮಸಿ ತೊಳೆದು ಒಳಗೆ ಬಂದು ನಮ್ಮೊಟ್ಟಿಗೇ ಕಾಫಿ ಕುಡೀತಿದ್ದ. ನಮ್ಮವನೇ ಅಲ್ವಾ?”

“ತೊಳೆದ್ರೆ ಹೋಗ್ತಿತ್ತಾ ಸರ್?”

“ಸೀಗೆಪುಡಿ ಹಾಕಿ ಎರಡು ಸಲ ತಿಕ್ಕಿದರೆ ಪೂರಾ!” ರಾಯರಿಗೆ ಹೆಮ್ಮೆಯೋ ಹೆಮ್ಮೆ.

“ಅವನಿಗೆ ಬಚಾವು” ಎಂದು ಮೇಷ್ಟ್ರು ಒಂದು ಅಂಬಡೆ ಎತ್ತಿಕೊಂಡರು. ಹಳೇ ಕಾಲದ ವೇಷಕ್ಕೆ ಯಾರೂ ಅನುಮೋದನೆ ಕೊಡದೆ, ಸಭೆ ಮುದ್ದುಕೃಷ್ಣರ ಬಹುಮಾನಕ್ಕೆ ಸ್ಟೀಲಿನ ಡಬ್ಬಿಯೋ ಪ್ಲಾಸ್ಟಿಕ್ಕಿನದೋ ಎಂಬ ಗಂಭೀರ ವಿಷಯಕ್ಕೆ ಇಳಿಯಿತು.

ಮೊನ್ನೆ ರಾಯರ ಲಾಕರಿನ ಕೀ ಕಳೆಯಿತು. ಕಳೆದದ್ದನ್ನು ಹುಡುಕಿಕೊಡಲು ತುಳುನಾಡಿನಲ್ಲಿ ಕೊರಗಜ್ಜನಿಗಿಂತ ದೊಡ್ಡ ಇಲಾಖೆ ಇಲ್ಲ. ಚಕ್ಕುಲಿ, ಕಳ್ಳು, ವೀಳ್ಯ ಕೊಡುತ್ತೇನೆಂದು ರಾಯರು ನಿಂತಲ್ಲೇ ಹೇಳಿಕೊಂಡರು. ಹತ್ತು ನಿಮಿಷಕ್ಕೆ ಕೀ ಅವರದೇ ಕನ್ನಡಕದ ಪೆಟ್ಟಿಗೆಯಲ್ಲಿ ಸಿಕ್ಕಿತು. ಹರಕೆ ತೀರಿಸಿ ಬಂದವರು ಅಂಗಿ ಕೂಡ ಬದಲಿಸದೆ ಮನೆಮನೆಗೆ ಪ್ರಸಾದ ಹಂಚಲು ಹೊರಟರು. ಚಕ್ಕುಲಿಯ ಕಟ್ಟು ಹಿಡಿಯಲು ನಾನು ಜೊತೆಗೆ.

ಕೊನೆಯ ಮನೆಯಲ್ಲಿ ಮೇಷ್ಟ್ರು ಬಾಗಿಲು ತೆರೆದರು.

“ಅಜ್ಜನ ಪ್ರಸಾದ. ಎರಡೂ ಕೈಯಲ್ಲಿ ತೆಗೊಳ್ಳಿ ಮಾರಾಯ್ರೆ, ಅಜ್ಜನಿಗೆ ಬೇಸರ ಆಗ್ಬಾರ್ದು.”

ಮೇಷ್ಟ್ರು ಎರಡೂ ಕೈ ಚಾಚಿದರು. “ಹೆದರ್ಬೇಡಿ ಸರ್. ಅವರು ನಮ್ಮ ಅಜ್ಜ.”

“ಹೌದು ಹೌದು, ನಮ್ಮೆಲ್ಲರ ಅಜ್ಜ!” ಎಂದು ರಾಯರು ಭಕ್ತಿಯಿಂದ ಕಣ್ಣು ಮುಚ್ಚಿ, ನನ್ನ ಕೈಯ ಕಟ್ಟಿನಿಂದ ಇನ್ನೊಂದು ಚಕ್ಕುಲಿ ತೆಗೆದು ಅವರ ಬೊಗಸೆಗೆ ಹಾಕಿದರು.