ಕಾಕಾನಿಗೆ ರಾಕ್ಷಸನೇ ಬೇಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕಿನ ಯಾವ ಊರಲ್ಲಿ ಇಳಿದರೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಈ ಸಲದ ಜಾತ್ರೆಗೆ ಆಟ ಆಡೋಣವೆಂದು ಗುಡಿಕಟ್ಟೆಯ ಮೇಲೆ ಮಾತು ಎದ್ದಿರುತ್ತದೆ, ಅಷ್ಟೇ. ಯಾವ ಆಟ, ಯಾರು ಮಾಸ್ತರ, ಪಟ್ಟಿ ಎಷ್ಟು, ಒಂದೂ ಗೊತ್ತಾಗಿರುವುದಿಲ್ಲ. ಈತ ಮಾತ್ರ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಒಗೆದಂತೆ "ರಾಕ್ಷಸನ ಪಾರ್ಟ ನಂದು" ಎಂದು ಒಗೆದುಬಿಡುತ್ತಾನೆ. ಸಂಗೊಳ್ಳಿ ಬದಿಯ ನಮ್ಮವನನ್ನು ಊರೆಲ್ಲ ಕಾಕಾ ಎನ್ನುತ್ತದೆ. ಖರೇ ಹೆಸರು ರೇಷನ್ ಕಾರ್ಡಿನಲ್ಲಿದೆ.

ಆಳು ಐದಡಿ. ಕಿರೀಟ, ಭುಜಕೀರ್ತಿ, ಎದೆಕಟ್ಟು ಏರಿದ ಮೇಲೆ ಒಳಗೆ ಮನುಷ್ಯ ಇದ್ದಾನೋ ಇಲ್ಲವೋ ಎಂದು ಅನುಮಾನ ಬರುತ್ತದೆ. ಪರದೆಯ ಹಿಂದಿನಿಂದ ಒಂದು ಸಲ ಆರ್ಭಟಿಸಿದನೆಂದರೆ ಮುಂದಿನ ಸಾಲಿನ ಕೂಸುಗಳೆಲ್ಲ ತಾಯಂದಿರ ಸೆರಗಿನೊಳಗೆ, ಊರ ನಾಯಿಗಳು ಹಳ್ಳದ ದಾರಿಗೆ. ದೊಡ್ಡಾಟದ ನ್ಯಾಯವೇ ಹಾಗೆ. ರಾಮನ ಪಾಲಿಗೆ ನೀತಿ, ರಾವಣನ ಪಾಲಿಗೆ ಕುಣಿತ. ಹೆಚ್ಚಿನ ಪಟ್ಟಿ ಕೊಟ್ಟು ಧರ್ಮರಾಜನಾದವನು ಬೆಳತನಕ ಸಮಾಧಾನದ ಮುಖ ಹೊತ್ತು ನಿಲ್ಲಬೇಕು. ಕಾಕಾ ಅಟ್ಟದ ಹಲಗೆ ಸಡಿಲಾಗುವಂತೆ ಕುಣಿದು, ಆಹೇರಿಯ ನೋಟುಗಳನ್ನು ಎದೆಗೆ ಸಿಕ್ಕಿಸಿಕೊಂಡು ಇಳಿಯುತ್ತಾನೆ. ಎಲ್ಲಮ್ಮನ ಗುಡ್ಡದ ನೆರಳಿನ ಸವದತ್ತಿ ಕಡೆ ರೇಣುಕೆಯ ಕಥೆ ಆಡಿದರೆ ಇವನಿಗೆ ಜಮದಗ್ನಿ ಬೇಡ, ಪರಶುರಾಮ ಬೇಡ, ಕಾರ್ತವೀರ್ಯ ಬೇಕು. ಸಾವಿರ ತೋಳಿನವ. ರಟ್ಟಿನಲ್ಲಿ ಎಂಟು ತೋಳು ಮಾಡಿಸಿಕೊಂಡು, ಉಳಿದವು ಮನೆಯಲ್ಲಿ ಇವೆ ಎಂಬ ಗತ್ತಿನಲ್ಲಿ ಬರುತ್ತಾನೆ.

ತಾಪತ್ರಯವೆಲ್ಲ ಸಾಯುವ ಹೊತ್ತಿಗೆ. ಕೀಚಕ ರಾಕ್ಷಸನಲ್ಲ, ವಿರಾಟನ ಮೈದುನ. ಆದರೂ ಕಾಕಾನ ಲೆಕ್ಕದಲ್ಲಿ ಒಳ್ಳೆಯ ಕುಣಿತ ಇರುವವರೆಲ್ಲ ರಾಕ್ಷಸರೇ. ನಸುಕಿನ ಮೂರಕ್ಕೆ ಸಾಯಬೇಕಾದ ಕೀಚಕ ಐದಾದರೂ ಭೀಮನ ತೋಳಿನಲ್ಲಿ ಹಾಡುತ್ತಲೇ ಇರುತ್ತಾನೆ. ಭೀಮ ಅವನ ಕಿವಿಯಲ್ಲಿ, "ಕಾಕಾ, ಇನ್ನರ ಸಾಯಿ, ಎಮ್ಮಿ ಹಿಂಡೂ ಹೊತ್ತಾತು." ಕಾಕಾ ಸಾಯುತ್ತಲೇ ಪಿಸುಗುಡುತ್ತಾನೆ: "ಬಿಗಿ ಹಿಡೀಬ್ಯಾಡ, ಇನ್ನೊಂದ ಪದಾ ಐತಿ."

ರಾಯಣ್ಣನ ನಾಟಕವಾದರೆ ಊರಿನ ಹುಡುಗರೆಲ್ಲ ರಾಯಣ್ಣಂದಿರೇ, ಕಂಪನಿ ಸರಕಾರಕ್ಕೆ ಆಳಿಲ್ಲ. ಕಾಕಾ ಥ್ಯಾಕರೆ ಆಗುತ್ತಾನೆ. ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತದ್ದು ಇತಿಹಾಸ; ಅಮಟೂರ ಬಾಳಪ್ಪನ ಗುಂಡಿಗೆ ಉರುಳಿದ ಎಂಬುದು ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ಗೊತ್ತಿಲ್ಲದವನು ಈ ಥ್ಯಾಕರೆ ಒಬ್ಬನೇ. ಬಾಳಪ್ಪ ಗುರಿಯಿಟ್ಟ, ಒಳಗೆ ಪಟಾಕಿ ಹಾರಿತು, ಸಾಹೇಬ ಬೀಳಲಿಲ್ಲ. ಎರಡನೆಯದಕ್ಕೆ ಟೋಪಿ ಬಿತ್ತು. ಮೂರನೆಯದಕ್ಕೆ ಹಾರ್ಮೋನಿಯಂ ಬಿಟ್ಟು ಮಾಸ್ತರನೇ ಕೂಗಬೇಕಾಯಿತು: "ಬೀಳೋ ಕಾಕಾ! ರಾಣಿ ಗೆಲ್ಲೂದು ತಡಾ ಆಗಾಕತ್ತೈತಿ!"

ಇಷ್ಟಾದರೂ ಇವನು ಹಾಕದ ಪಾರ್ಟ ಒಂದಿದೆ. ರಾಯಣ್ಣನನ್ನು ಹಿಡಿದುಕೊಟ್ಟವರ ಪೈಕಿ ಒಬ್ಬನಾಗು ಎಂದರೆ ಕಟ್ಟೆಯಿಂದ ಎದ್ದು ಹೋಗುತ್ತಾನೆ. ಬೈಲಹೊಂಗಲದ ಕಥೆಯೇ ಆದ 'ಸಂಗ್ಯಾ ಬಾಳ್ಯಾ'ದಲ್ಲಿ ಬಾಳ್ಯಾನ ಪಾರ್ಟ ಪಟ್ಟಿ ಇಲ್ಲದೆ ಕೊಡುತ್ತೇವೆ ಎಂದರೂ ಒಲ್ಲೆ ಎಂದ. "ಗೆಳ್ಯಾಗ ಎರಡ ಬಗದಾಂವಾ ಅಂವಾ. ರಾಕ್ಷಸ ಹೇಳಿ ಬರ್ತಾನ, ಒದರಿ ಬರ್ತಾನ. ಮನಿಮುರುಕತನ ನನ್ನ ಕಡಿಂದ ಆಗೂದಿಲ್ಲ." ರಾಕ್ಷಸನಾಗಲು ಇಷ್ಟು ನಿಯತ್ತು ಬೇಕೆಂದು ನನಗೂ ಅವತ್ತೇ ಗೊತ್ತಾದದ್ದು.

ಸಂಗೊಳ್ಳಿ ಉತ್ಸವಕ್ಕೆಂದು ಬೆಂಗಳೂರಿನಿಂದ ಬಂದ ಅಣ್ಣನ ಮಗ, ಗೆಳೆಯರನ್ನು ಕೂಡಿಸಿ ಪಡಸಾಲೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೂಡಿದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ ಆಟ. ಅಟ್ಟವಿಲ್ಲ, ಬಣ್ಣವಿಲ್ಲ; ಸುತ್ತ ಕೂತು ಒಬ್ಬೊಬ್ಬ ಒಂದು ಪಾತ್ರವಾಗಿ ಬಾಯಲ್ಲೇ ಆಡುವುದು, ಏಟು ಬಿತ್ತೋ ತಪ್ಪಿತೋ ಎಂದು ಹೇಳಲು ಇಪ್ಪತ್ತು ಮುಖದ ದಾಳ. ನಡೆಸುವವನೊಬ್ಬ ಮಾಸ್ತರ. ಅದು ಕಿವಿಗೆ ಬಿದ್ದದ್ದೇ ಕಾಕಾ ಒಳಗೆ ಬಂದು ಕೂತ. "ರಾಕ್ಷಸ ನಾನು."

ಹುಡುಗರು ಮುಖ ಮುಖ ನೋಡಿಕೊಂಡರು. ಈ ಜಗಳ ಆ ಆಟದಲ್ಲೂ ಹಳೆಯದೇ. ಭೂತ ಪಿಶಾಚಿ ಆಗುತ್ತೇನೆ ಎಂಬ ಆಟಗಾರನಿಗೆ ಸಲಿಗೆ ಕೊಡಬೇಡಿ, ಅವನ ಕಣ್ಣಿರುವುದು ಬಲದ ಮೇಲೆ ಎಂಬರ್ಥದಲ್ಲಿ ಗೈಗ್ಯಾಕ್ಸ್ 1979ರ ಮಾಸ್ತರರ ಕೈಪಿಡಿಯಲ್ಲೇ ಎಚ್ಚರಿಸಿದ್ದ. ಕೇಳುವವರು ಕೇಳುತ್ತಲೇ ಇದ್ದರು. 2016ರ ಪುಸ್ತಕವೊಂದು ಗಾಬ್ಲಿನ್, ಆರ್ಕ್‌ಗಳನ್ನು ಆಟಗಾರರ ಕೈಗೇ ಕೊಟ್ಟಿತು. ಪಟ್ಟಿ ತುಂಬದೆ ಆಟ ಏಳುವುದಿಲ್ಲ ಎಂಬುದು ಅಲ್ಲಿಯವರಿಗೂ ತಿಳಿದಿರಬೇಕು.

ಅಣ್ಣನ ಮಗ ಫೋನಿನಲ್ಲಿ ಚಿತ್ರ ತೋರಿಸಿದ. ಆ ಆಟದಲ್ಲಿ ನಮ್ಮ ರಾಕ್ಷಸನೇ ಇದ್ದಾನೆ, 1977ರ ಪುಸ್ತಕದಲ್ಲೇ. ಹುಲಿಯ ತಲೆ, ಮೈಗೆ ಗೌನು, ಕೈಯಲ್ಲಿ ಪೈಪು. ಮುಂದಿನ ಪುಸ್ತಕಗಳಲ್ಲಿ ಅವನ ಅಂಗೈ ಕೂಡ ಹಿಂದುಮುಂದು.

ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಹುಲಿ ಮಾರಿ ನಡೀತೈತಿ. ಪೈಪೂ ಸೇದಲಿ. ಆದ್ರ ಅಂಗೈ ತಿರುವಿಬಿಟ್ರ ಮೀಸಿ ಹೆಂಗ ತಿರುವಬೇಕೋ ತಮ್ಮಾ?"

ಇದಕ್ಕೆ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಮಾಸ್ತರ ಅಂಗೈ ಸರಿ ಮಾಡಿಕೊಟ್ಟು ಆಟ ಎತ್ತಿದ. ವೀರರು ಒಬ್ಬೊಬ್ಬರೂ ಒಂದೇ ಮಾತಿನಲ್ಲಿ ಪರಿಚಯ ಮುಗಿಸಿದರು. ಕಾಕಾ ಎದ್ದು ನಿಂತು ಪುಲಸ್ತ್ಯನಿಂದ ಶುರು ಮಾಡಿದ. ವಿಶ್ರವಸ್ಸು ದಾಟಿ ಲಂಕೆಗೆ ಬರುವಷ್ಟರಲ್ಲಿ ಚಹಾ ಎರಡು ಸಲ ಬಂತು, ಕಾಕಿ ಮೂರು ಸಲ ಇಣುಕಿ ಹೋದಳು. ಇನ್ನು ತಡೆಯಲಾರದೆ ಹುಡುಗನೊಬ್ಬ ಬಾಣ ಬಿಟ್ಟೆ ಎಂದು ದಾಳ ಉರುಳಿಸಿದ. ಇಪ್ಪತ್ತು ಬಿತ್ತು.

"ಸತ್ತಿ ಕಾಕಾ," ಎಂದ ಮಾಸ್ತರ.

"ಸಾಯ್ತೀನಿ, ಯಾರ ಬ್ಯಾಡ ಅಂದಾರ? ತಾಳ ಯಾರ ಕಡೆ ಐತಿ, ಹಿಡೀರಿ ಮೊದಲ."