ಸಂಪಿಗೆಯ ದಾಯಾದಿ

“ಜಪಾನಿನವರು ಮರದಲ್ಲೇ ಉಪಗ್ರಹ ಮಾಡಿ ಹಾರಿಸಿದ್ರು, ಗೊತ್ತಾ ಗೌಡ್ರೆ?” ಎಂದೆ, ಕಾಂಪೌಂಡಿನ ಈಚೆಯಿಂದ. ಶಿವಮೊಗ್ಗದಲ್ಲಿ ನಮ್ಮ ಪಕ್ಕದ ಮನೆಯ ಗೌಡರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಪ್ರಕಾರ ಮರಕ್ಕೆ ಎರಡೇ ಗತಿ: ಒಂದು ಮಂಚ, ಇನ್ನೊಂದು ಇದ್ದಿಲು.

“ಮೇಲೆ ಸುಟ್ಟು ಬೂದಿ ಆಗಲ್ವಾ ಮಾರಾಯ್ರೆ?”

“ಉರಿಯೋಕೆ ಗಾಳಿ ಬೇಕಲ್ಲ! ಅಲ್ಲಿ ಗಾಳಿಯಿಲ್ಲ, ತೇವವಿಲ್ಲ. ಕೊಳೆಯಲ್ಲ, ಗೆದ್ದಲೂ ಹತ್ತಲ್ಲ.”

ಗೆದ್ದಲಿಲ್ಲದ ಜಾಗ! ಮಲೆನಾಡಿನಲ್ಲಿ ಮನೆ ಕಟ್ಟಿಸಿದವರಿಗೆ ಸ್ವರ್ಗ ಅಂದರೆ ಅದೇ. ಗೌಡರು ಹೂವಿನ ಬುಟ್ಟಿ ಕೆಳಗಿಟ್ಟರು.

“ಅದು ನಮ್ಗೆ ಗೊತ್ತಿಲ್ದೆ ಇರೋದಾ? 1923ರಲ್ಲಿ ಕಾರ್ಖಾನೆ ಶುರುವಾದಾಗ ಕುಲುಮೆಗೆ ಹಾಕಿದ್ದು ಕಾಡುಮರದ ಇದ್ದಿಲು. ಗಾಳಿ ಆಡದ ಹಾಗೆ ಮುಚ್ಚಿ ಕಾಯಿಸಿದ್ರೆ ಮರ ಉರಿಯಲ್ಲ, ಇದ್ದಿಲಾಗುತ್ತೆ. ಅದರ ಹೊಗೆಯಿಂದ ಟಾರೂ ಇಳಿಸ್ತಿದ್ರು.”

ಹೀಗೆ ಜಪಾನಿನ ಕೀರ್ತಿಯಲ್ಲಿ ಭದ್ರಾವತಿಗೂ ಒಂದು ಪಾಲು ಬರೆದುಕೊಂಡಾಯಿತು.

ಕ್ಯೋಟೊ ವಿಶ್ವವಿದ್ಯಾಲಯ ಮತ್ತು ಸುಮಿಟೊಮೊ ಫಾರೆಸ್ಟ್ರಿ ಸೇರಿ ಮಾಡಿದ ಆ ಲಿಗ್ನೊಸ್ಯಾಟ್, ಬರೀ 10 ಸೆಂ.ಮೀ. ಉದ್ದಗಲದ ಡಬ್ಬಿ. ಹೊರಗಿನ ಹಲಗೆಗಳಿಗೆ ಮೊಳೆಯಿಲ್ಲ, ಅಂಟಿಲ್ಲ. ಒಂದಕ್ಕೊಂದು ಕಚ್ಚಿಸಿ ಕೂರಿಸಿದ್ದು. 2024ರ ನವೆಂಬರ್‌ನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ, ಡಿಸೆಂಬರ್‌ನಲ್ಲಿ ಕಕ್ಷೆಗೆ ಬಿತ್ತು.

“ಅಲ್ಯೂಮಿನಿಯಂಗೇನು ಬರ ಬಂದಿತ್ತಾ?”

“ಹಳೇ ಉಪಗ್ರಹ ಕೆಳಗಿಳೀತಾ ಸುಟ್ಟುಹೋದಾಗ ಅಲ್ಯೂಮಿನಿಯಂ ಆಕ್ಸೈಡಿನ ಪುಡಿ ಮೇಲಿನ ಗಾಳೀಲೇ ಉಳಿಯುತ್ತೆ. ಅದರಿಂದ ಓಝೋನಿಗೆ ತೊಂದರೆ ಅನ್ನೋ ಭಯ. ಮರವಾದ್ರೆ ಹೆಚ್ಚುಕಮ್ಮಿ ಪೂರ್ತಿ ಉರಿದುಹೋಗುತ್ತೆ.”

“ಒಳಗಿನ ಯಂತ್ರಾನೂ ಮರದ್ದೇನಾ?”

ಸಿಕ್ಕಿಬಿದ್ದೆ. ಅದು ಲೋಹದ್ದೇ. ಸಾಲದ್ದಕ್ಕೆ ಕಕ್ಷೆಗೆ ಬಿಟ್ಟ ಮೇಲೆ ಆ ಡಬ್ಬಿ ಭೂಮಿಯ ಜೊತೆ ಮಾತೇ ಆಡಲಿಲ್ಲ ಎಂದೂ ಒಪ್ಪಿಕೊಂಡೆ.

“ಬಿಡಿ, ಆಗುಂಬೆ ಘಾಟೀಲಿ ನನ್ನ ಫೋನೂ ಮಾತಾಡಲ್ಲ,” ಎಂದು ಗೌಡರೇ ಸಮಾಧಾನ ಹೇಳಿದರು. “ಯಾವ ಮರವಂತೆ?”

“ಹೊನೋಕಿ. ನಿಮ್ಮ ಸಂಪಿಗೆಯ ದಾಯಾದಿ, ಎರಡೂ ಮ್ಯಾಗ್ನೋಲಿಯಾ ಕುಲ,” ಎಂದು ನನ್ನ ಅಂಗಳಕ್ಕೆ ಎಲೆ ಸುರಿಸುವ ಅವರ ಮರವನ್ನೇ ನೋಡಿದೆ. “ಈ ಕಡೆ ಚಾಚಿರೋ ಕೊಂಬೆ ಕೊಟ್ಟರೆ ನಾಲ್ಕು ಉಪಗ್ರಹ ಆಗ್ತವೆ.”

ಗೌಡರು ಬುಟ್ಟಿ ಎತ್ತಿಕೊಂಡರು. “ಕೊಡೋಕೇನು? ತೀರ್ಥಹಳ್ಳಿಯಿಂದ ಒಂದು ಬಾಗಿಲು ತರೋಕೇ ಅರಣ್ಯ ಇಲಾಖೆ ಪಾಸಿಗೆ ಅಲೆದವನು ನಾನು. ಆಕಾಶಕ್ಕೆ ಸಾಗಿಸೋ ಪಾಸು ನೀವು ಮಾಡಿಸ್ಕೊಂಡ್ ಬನ್ನಿ, ಕೊಂಬೆ ನಿಮ್ದು.”